ತಳದ ಬಿರಡೆ

ಪೂಲ್ ಮೇಸ್ತ್ರಿಗೆ ಈಜು ಬರುತ್ತಿರಲಿಲ್ಲ. ಇದು ಅವನ ಹೆಂಡತಿಯೊಬ್ಬಳಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವ ಸಂದರ್ಭವೂ ಬಂದಿರಲಿಲ್ಲ. ಈಜುಕೊಳ ನೋಡಿಕೊಳ್ಳುವವನು ನೀರಿಗೆ ಇಳಿಯಲೇಬೇಕೆಂದೇನಿಲ್ಲವಲ್ಲ. ಉದ್ದನೆಯ ಕೋಲಿನ ತುದಿಗೆ ಜಾಲರಿ ಸಿಕ್ಕಿಸಿದರೆ ಎಲೆ, ಹುಳಹುಪ್ಪಟೆ ಬರುತ್ತವೆ. ಅದೇ ಕೋಲಿಗೆ ಬ್ರಷ್ ಸಿಕ್ಕಿಸಿದರೆ ಗೋಡೆಯ ಪಾಚಿ ಹೋಗುತ್ತದೆ. ಮಿಕ್ಕಿದ್ದನ್ನು ಪಂಪು, ಫಿಲ್ಟರು, ಕ್ಲೋರಿನ್ ನೋಡಿಕೊಳ್ಳುತ್ತವೆ. ನಲವತ್ತು ದಾಟಿದ ಆ ಮನುಷ್ಯ ತನ್ನ ಹಳೆಯ ವ್ಯಾನಿನಲ್ಲಿ ಮನೆಯಿಂದ ಮನೆಗೆ ಹೋಗಿ, ಪರರ ನೀರನ್ನು ತಿಳಿಯಾಗಿಸಿ, ಒಂದು ಹನಿಯೂ ಮೈಗೆ ಸಿಡಿಸಿಕೊಳ್ಳದೆ ವಾಪಸು ಬರುತ್ತಿದ್ದ. ಆದರೂ ಔಷಧಿಯ ವಾಸನೆ ಮಾತ್ರ ಬಿಡುತ್ತಿರಲಿಲ್ಲ. "ನಿಮ್ಮನ್ನ ಯಾರೋ ಒಗೆದು ಒಣಗಿ ಹಾಕಿದ ಹಾಗಿದೆ" ಎಂದು ಹೆಂಡತಿ ಮೂಗು ಮುಚ್ಚಿಕೊಂಡು ನಗುತ್ತಿದ್ದಳು.

ಆ ಮನೆಯಿಂದ ಫೋನ್ ಮಾಡಿದ್ದು ಒಬ್ಬ ಹೆಂಗಸು. ವಯಸ್ಸಾದ ದನಿ.

"ನೀರು ಹಸಿರಾಗಿಬಿಟ್ಟಿದೆ ಕಣಪ್ಪಾ, ತಳ ಕಾಣಿಸ್ತಿಲ್ಲ. ನಂಗೆ ಸೊಂಟದ ಆಪರೇಷನ್ ಆಗಿದೆ. ದಿನಾ ನೀರೊಳಗೆ ನಡೀಬೇಕು ಅಂತ ಡಾಕ್ಟರು ಹೇಳಿದಾರೆ. ಬೇಗ ಬರ್ತೀಯಾ?"

ಮೇಸ್ತ್ರಿ ಮರುದಿನವೇ ಹೋದ. ಮನೆಯ ಪಕ್ಕದ, ಒಂದು ಕಾರು ಮಾತ್ರ ಹೋಗುವಷ್ಟು ಕಿರಿದಾದ ಓಣಿಯಲ್ಲಿ ಹಿತ್ತಲಿಗೆ ದಾರಿ. ಕೊಳ ದೊಡ್ಡದೇನಲ್ಲ, ಆದರೆ ಒಂದು ಕೊನೆಯಲ್ಲಿ ಆಳ ಜಾಸ್ತಿ. ನೀರು ಬಟಾಣಿ ಸಾರಿನ ಹಾಗಿತ್ತು. ಅವನು ಕೋಲು ಜೋಡಿಸುತ್ತಾ ದಂಡೆಯ ಕಲ್ಲಿನ ಮೇಲೆ ಕಾಲಿಟ್ಟನೋ ಇಲ್ಲವೋ, ಹಿಂದಿನಿಂದ ಒಂದು ಕೂಗು ಬಂತು.

"ಏಯ್! ಚಪ್ಪಲಿ!"

ತಿರುಗಿ ನೋಡುವ ಮೊದಲೇ ಅವನ ಪಾದ ತಾನಾಗಿ ಚಪ್ಪಲಿಯಿಂದ ಹೊರಗೆ ಬಂದಿತ್ತು. ಆ ದನಿಯನ್ನು ಅವನು ಮೂವತ್ತು ವರ್ಷಗಳ ಮೇಲೆ ಕೇಳುತ್ತಿದ್ದ. ತಿರುಗಿದಾಗ ಕುರ್ಚಿಯಲ್ಲಿ ಕೂತಿದ್ದ ಮುದುಕ ಕಾಣಿಸಿದ: ಅಗಲ ಭುಜ ಕುಸಿದಿತ್ತು, ತಲೆ ನುಣ್ಣಗಾಗಿತ್ತು, ಕುತ್ತಿಗೆಯ ಚರ್ಮ ಜೋತಿತ್ತು. ಆದರೂ ಅದು ಕೋಚ್.

ಕೋಚ್ ಅವನ ಮುಖವನ್ನೇ ನೋಡುತ್ತಿದ್ದ. ಗುರುತು ಮಾತ್ರ ಸಿಕ್ಕಿರಲಿಲ್ಲ. "ಪೂಲ್ ಕೆಲಸದವನಿಗೆ ಪೂಲ್ ಹತ್ತಿರ ಚಪ್ಪಲಿ ಹಾಕ್ಬಾರ್ದು ಅಂತ ಗೊತ್ತಿಲ್ವೇನಯ್ಯಾ?" ಎಂದ.

"ತಪ್ಪಾಯ್ತು ಸಾರ್" ಎಂದ ಮೇಸ್ತ್ರಿ.

ಮೇಸ್ತ್ರಿ ಹುಡುಗನಾಗಿದ್ದಾಗ ಅವನ ಊರಿನ ಸಾರ್ವಜನಿಕ ಈಜುಕೊಳದಲ್ಲಿ ಹುಡುಗರಿಗೆ ಈಜು ಕಲಿಸುತ್ತಿದ್ದವನು ಇದೇ ಕೋಚ್. ಮೇಸ್ತ್ರಿಯ ಅಪ್ಪ ಅಲ್ಲೇ ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದ. ಹಾಗಾಗಿ ಮಗನಿಗೆ ಕಲಿಕೆ ಬಿಟ್ಟಿ. ಮೊದಲ ದಿನವೇ ಕೋಚ್ ಅವನಿಗೆ ಕಪ್ಪೆ ಎಂದು ಹೆಸರಿಟ್ಟ. ಹುಡುಗ ಕೈಕಾಲು ಬಡಿಯುವ ರೀತಿಗೆ ಆ ಹೆಸರು ಎಷ್ಟು ಚೆನ್ನಾಗಿ ಒಪ್ಪಿತೆಂದರೆ, ಸಂಜೆಯೊಳಗೆ ಅವನ ಸ್ವಂತ ಹೆಸರು ಯಾರ ಬಾಯಲ್ಲೂ ಉಳಿಯಲಿಲ್ಲ. ನೀರು ಕಂಡರೆ ಅವನ ಜೀವ ಬಾಯಿಗೆ ಬರುತ್ತಿತ್ತು. ಆಳದ ಕಡೆ ಬಿಟ್ಟರೆ ದಂಡೆಯಂಚಿನ ಸರಳು ಹಿಡಿದು ನೇತಾಡುತ್ತಿದ್ದ. ಕೋಚ್ ದಂಡೆಯ ಮೇಲೆ ನಿಂತು ಅವನ ಬೆರಳುಗಳನ್ನು ಹಿಮ್ಮಡಿಯಿಂದ ಒಂದೊಂದಾಗಿ ತುಳಿದು ಬಿಡಿಸುತ್ತಿದ್ದ. ಮುಳುಗಿ ಎದ್ದರೆ ಬಿದಿರು ಕೋಲಿನಿಂದ ತಲೆ ಒತ್ತುತ್ತಿದ್ದ. "ಕುಡಿ, ಕುಡಿ, ಹೊಟ್ಟೆ ತುಂಬಿದ ಮೇಲೆ ತಾನೇ ತೇಲ್ತೀಯ" ಎನ್ನುತ್ತಿದ್ದ.

ಒಂದು ದಿನ ಹುಡುಗ ನೀರಿನಲ್ಲೇ ವಾಂತಿ ಮಾಡಿಕೊಂಡ. ಕೋಚ್ ಸೀಟಿ ಊದಿ ಎಲ್ಲರನ್ನೂ ಮೇಲೆ ಕರೆದು ಸಾಲಾಗಿ ನಿಲ್ಲಿಸಿದ. ಕಪ್ಪೆಯನ್ನು ಎತ್ತರದ ಜಿಗಿಯುವ ಹಲಗೆಯ ತುದಿಗೆ ಹತ್ತಿಸಿದ. ಅಲ್ಲಿ ನಿಂತ ಹುಡುಗನ ಚಡ್ಡಿ ಒದ್ದೆಯಾಯಿತು, ನೀರಿನಿಂದಲ್ಲ. ಕೆಳಗಿದ್ದ ಹುಡುಗರೆಲ್ಲ ವಟ ವಟ ಎಂದು ಕೂಗಿದರು. ಗಲಾಟೆ ಕೇಳಿ ಅಪ್ಪ ಟಿಕೆಟ್ ಕಿಟಕಿ ಬಿಟ್ಟು ಬಂದ. ಅಪ್ಪ ಬಂದ, ಇನ್ನು ಇಳಿಸುತ್ತಾನೆ ಎಂದುಕೊಂಡ ಹುಡುಗ. ಅಪ್ಪ ಮೇಲೆ ನೋಡಿದ, ಕೋಚ್‌ನ ಮುಖ ನೋಡಿದ. ಕೋಚ್ ನಗುತ್ತಿದ್ದ. ಅಪ್ಪನೂ ನಕ್ಕ. ಮೊದಲು ಸುಮ್ಮನೆ ಹಲ್ಲು ಬಿಟ್ಟ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಮನೆಗೆ ಹೋಗುವ ದಾರಿಯಲ್ಲಿ, "ಅಮ್ಮಂಗೆ ಏನೂ ಹೇಳ್ಬೇಡ" ಎಂದದ್ದು ಬಿಟ್ಟರೆ ಬೇರೆ ಮಾತೇ ಆಡಲಿಲ್ಲ.

ಅಪ್ಪ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಆ ಊರು ಬಿಟ್ಟು, ಆ ಹೆಸರು ಬಿಟ್ಟು, ಮದುವೆಯಾಗಿ, ಒಂದು ಕಸುಬು ಕಲಿತು ಮೇಸ್ತ್ರಿ ಗಟ್ಟಿಯಾಗಿ ನಿಂತಿದ್ದ. ಕೋಚ್ ಕೂಡ ಇದೇ ಊರಿಗೆ ಬಂದು ನೆಲೆಸಿರಬಹುದೆಂದು ಅವನು ಎಣಿಸಿರಲಿಲ್ಲ. ಈಜುಕೊಳದ ಕಸುಬನ್ನೇ ಏಕೆ ಹಿಡಿದೆ ಎಂದು ಹೆಂಡತಿ ಕೇಳಿದಾಗ, "ದಂಡೆ ಮೇಲೆ ನಿಂತವನು ನಾನು, ಒಳಗಿರೋದು ನೀರು. ಅಷ್ಟೇ" ಎಂದಿದ್ದ.

ಹಸಿರು ನೀರಿಗೆ ಅವನು ನ್ಯಾಯವಾಗಿಯೇ ಮದ್ದು ಮಾಡಿದ. ಗೋಡೆ ಉಜ್ಜಿ, ಕ್ಲೋರಿನ್ ಹೆಚ್ಚಾಗಿ ಸುರಿದು, ಫಿಲ್ಟರನ್ನು ಹಗಲು ರಾತ್ರಿ ಓಡಿಸಿ, ಅದಕ್ಕೆ ನೀರನ್ನು ಹಿಮ್ಮುಖವಾಗಿ ಹಾಯಿಸಿ ಹೊಟ್ಟೆಯೊಳಗಿನ ಕೊಳೆ ತೊಳೆದ. ವಾರ ಕಳೆಯುವುದರೊಳಗೆ ತಳದ ಟೈಲ್ಸಿನ ಗೆರೆಗಳು ಕಂಡವು. ಅಮ್ಮ (ಕೋಚ್‌ನ ಹೆಂಡತಿಯನ್ನು ಅವನು ಹಾಗೇ ಕರೆಯುತ್ತಿದ್ದ) ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಮುಂದೆ ವಾರಕ್ಕೊಮ್ಮೆ ಬರುವಂತೆ ಮಾತಾಯಿತು.

ಅವನು ಬರುವ ಹೊತ್ತಿಗೆ ಅಮ್ಮ ಸಾಮಾನ್ಯವಾಗಿ ನೀರಲ್ಲೇ ಇರುತ್ತಿದ್ದರು. ನೆಲದ ಮೇಲೆ ಎರಡು ಹೆಜ್ಜೆ ಇಡಲು ಗೋಡೆ, ಮೇಜು, ಕುರ್ಚಿ ಹಿಡಿದು ಉಸ್ಸಪ್ಪಾ ಎನ್ನುವ ಹೆಂಗಸು ಎದೆಮಟ್ಟದ ನೀರಲ್ಲಿ ಸರಾಗವಾಗಿ ನಡೆಯುತ್ತಿದ್ದರು. ಅತ್ತ ಹೋಗಿ, ಇತ್ತ ಬಂದು, ಒಮ್ಮೊಮ್ಮೆ ಮೆಲ್ಲಗೆ ಹಾಡಿಕೊಳ್ಳುವುದೂ ಉಂಟು. ಮೆಟ್ಟಿಲಿಳಿಯಲು ಕಷ್ಟವಾಗುತ್ತಿದೆ ಎಂದಾಗ ಮೇಸ್ತ್ರಿ ತಾನೇ ಒಂದು ಸ್ಟೀಲ್ ಸರಳು ತಂದು ಗಟ್ಟಿಯಾಗಿ ಕೂರಿಸಿಕೊಟ್ಟ.

"ನೋಡಪ್ಪಾ, ಈ ನೀರೊಳಗೆ ಮಾತ್ರ ನಾನು ಮನುಷ್ಯಳು" ಎಂದರು ಅಮ್ಮ. "ಮೇಲೆ ಬಂದ್ರೆ ಮೂಟೆ."

ಕೋಚ್ ಕೊಳಕ್ಕೆ ಇಳಿಯುತ್ತಲೇ ಇರಲಿಲ್ಲ. ಕಿವಿಯ ತೊಂದರೆ ಎಂದು ಹೇಳಿಕೊಳ್ಳುತ್ತಿದ್ದ. ಆದರೆ ಕುರ್ಚಿ ಹಾಕಿಕೊಂಡು ಕೂತು ಕೆಲಸಕ್ಕೆ ಹುಳುಕು ಹುಡುಕುವುದು ಅವನ ಹೊತ್ತು ಕಳೆಯುವ ದಾರಿ. "ಅಲ್ಲೊಂದು ಎಲೆ. ಕಣ್ಣು ಇಟ್ಕೊಂಡಿರೋದು ಅಂದಕ್ಕಾ?" ಎನ್ನುವನು. "ನಿಮ್ಮಪ್ಪ ನಿಂಗೆ ಪೊರಕೆ ಹಿಡಿಯೋದನ್ನೂ ಕಲಿಸ್ಲಿಲ್ವಾ?" ಎನ್ನುವನು. ಹೆಂಡತಿಯನ್ನೂ ಬಿಡುತ್ತಿರಲಿಲ್ಲ. "ಸಾಕು ಹತ್ತೇ ಮೇಲೆ, ಎಮ್ಮೆ ಹಾಗೆ ಬಿದ್ಕೊಂಡಿದೀಯ" ಎಂದು ಕೂಗಿದರೆ ಅಮ್ಮ ಹಾಡು ನಿಲ್ಲಿಸಿ ಮೆಟ್ಟಿಲ ಕಡೆ ತಿರುಗುತ್ತಿದ್ದರು. ಮೇಸ್ತ್ರಿ ಜಾಲರಿ ಎಳೆಯುತ್ತಿದ್ದ. ಎಷ್ಟೆಂದರೂ ಮುದುಕ, ಇನ್ನೆಷ್ಟು ದಿನ, ಹೋಗಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಸಮಾಧಾನ ಅರ್ಧ ದಾರಿಗೆ ಬರುತ್ತಿತ್ತು, ಪೂರ್ತಿ ಬರುತ್ತಿರಲಿಲ್ಲ.

ಒಂದು ಭಾನುವಾರ ಕೋಚ್‌ನ ಹಳೆಯ ಗೆಳೆಯರು ನಾಲ್ಕಾರು ಮಂದಿ ಬಂದು ಕೊಳದ ಸುತ್ತ ಕೂತಿದ್ದರು. ಹಿಂದಿನ ದಿನ ಗಾಳಿ ಬೀಸಿ ಕೊಳ ಪೂರಾ ಕಸವಾಗಿದ್ದರಿಂದ ಮೇಸ್ತ್ರಿಯನ್ನು ಕರೆಸಿದ್ದರು. ಅವನು ಆಚೆ ದಂಡೆಯಲ್ಲಿ ಜಾಲರಿ ಹಿಡಿದು ನಿಂತಿದ್ದ.

"ಒಬ್ಬ ಇದ್ದ ನಮ್ಮಲ್ಲಿ" ಎಂದ ಕೋಚ್, ಕಾಲ ಮೇಲೆ ಕಾಲು ಹಾಕಿಕೊಂಡು. "ಕಪ್ಪೆ ಅಂತ ಹೆಸರಿಟ್ಟಿದ್ದೆ. ನೀರು ಅಂದ್ರೆ ಗಡಗಡ. ಒಂದಿನ ಪೂಲಲ್ಲೇ ಕಕ್ಕಿಬಿಟ್ಟ. ಹತ್ತೋ ಮಗನೇ ಅಂತ ಮೇಲಿನ ಹಲಗೆಗೆ ಹತ್ತಿಸ್ದೆ. ಅಲ್ಲೇ ಚಡ್ಡೀಲಿ ಮಾಡ್ಕೊಂಡ!"

ಗೆಳೆಯರು ಕಿಸಕ್ಕೆಂದರು.

"ಕೇಳಿ, ಮಜಾ ಇನ್ನೂ ಇದೆ. ಅವರಪ್ಪ ಬಂದ. ನಾನು ಅಂದ್ಕೊಂಡೆ, ಸರಿ, ಈಗ ಜಗಳ ಶುರು ಅಂತ. ಎಲ್ಲಿ! ಅವರಪ್ಪ ನನಗಿಂತ ಜೋರಾಗಿ ನಕ್ಕ. ಹೊಟ್ಟೆ ಹಿಡ್ಕೊಂಡು ನಕ್ಕ ಕಣ್ರೀ! ಅಂಥ ಅಪ್ಪನ್ನ ನಾನು ಇನ್ನೊಬ್ಬನ್ನ ನೋಡ್ಲಿಲ್ಲ."

ನಗು ಕೊಳದ ನೀರಿನ ಮೇಲೆ ಹಾದು ಮೇಸ್ತ್ರಿಯ ತನಕ ಬಂತು. ಅಮ್ಮ ನಗಲಿಲ್ಲ. "ಪಾಪ, ಆ ಹುಡುಗ ಏನಾದ?" ಎಂದು ಕೇಳಿದರು.

"ಏನಾದ ಅಂದ್ರೆ? ಮೆಡಲ್ ಹೊಡೆದ! ನನ್ನ ಕೈಲಿ ಪಳಗಿದವನು. ಆಮೇಲೆ ಮೀನಿನ ಹಾಗೆ ಈಜ್ತಿದ್ದ. ಇವತ್ತು ಸಿಕ್ಕಿದ್ರೆ ನನ್ನ ಕಾಲಿಗೆ ಬೀಳ್ತಾನೆ."

ಮೇಸ್ತ್ರಿ ಜಾಲರಿಯ ಕಸವನ್ನು ಬುಟ್ಟಿಗೆ ಬಡಿದ. ಅವಮಾನ ಅವನಿಗೆ ಹಳೆಯದು, ಅದರ ಜೊತೆ ಹೇಗೋ ಸಂಸಾರ ಮಾಡಿಕೊಂಡಿದ್ದ. ಆದರೆ ಮೆಡಲ್ ಹೊಡೆದ ಆ ಇನ್ನೊಬ್ಬ ಹುಡುಗನನ್ನು ಮಾತ್ರ ಸಹಿಸಲಾಗಲಿಲ್ಲ. ತನ್ನ ಕೈಬೆರಳು, ತನ್ನ ವಾಂತಿ, ತನ್ನ ಅಪ್ಪ; ಎಲ್ಲವನ್ನೂ ಕಿತ್ತುಕೊಂಡು ಈ ಮುದುಕ ಯಾರೋ ಗೆದ್ದವನಿಗೆ ದಾನ ಮಾಡಿಬಿಟ್ಟಿದ್ದ. ಅವನ ಹೊಟ್ಟೆಯಲ್ಲಿ ಅಂದು ಬಿದ್ದ ಕಿಚ್ಚು ಆರಲಿಲ್ಲ.

ಆಮೇಲೆ ಮಳೆಗಾಲ ಹಿಡಿಯಿತು. ಆ ವರ್ಷ ಮಳೆ ಬಿಟ್ಟೂಬಿಡದೆ ಹೊಯ್ದು, ಹಿತ್ತಲ ಮಣ್ಣು ಕಾಲಿಟ್ಟಲ್ಲಿ ಪಿಚಕ್ಕೆನ್ನುವಂತಾಯಿತು. ನೆಲದಡಿಯ ನೀರು ಮೇಲಕ್ಕೆ ಬಂದಿತ್ತು. ಬೀದಿಯ ಮೋರಿಗಳು ತುಂಬಿ ಹರಿಯುತ್ತಿದ್ದವು.

ಕೊಳ ಎಂದರೆ ನೆಲದಲ್ಲಿ ಹೂತಿಟ್ಟ ದೋಣಿ ಎಂಬುದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಒಳಗೆ ನೀರು ತುಂಬಿರುವವರೆಗೆ ಅದರ ಭಾರಕ್ಕೆ ಅದು ಕೂತಿರುತ್ತದೆ. ಸುತ್ತ ನೆಲದಲ್ಲಿ ನೀರು ನಿಂತಿರುವಾಗ ಒಳಗಿನದನ್ನು ಖಾಲಿ ಮಾಡಿದರೆ, ಅಡಿಯ ನೀರು ಅದನ್ನು ಮೇಲಕ್ಕೆ ನೂಕುತ್ತದೆ. ಅದಕ್ಕೇ ಮಳೆಗಾಲದಲ್ಲಿ ಯಾರೂ ಕೊಳ ಖಾಲಿ ಮಾಡುವುದಿಲ್ಲ. ಮಾಡಲೇಬೇಕಾದರೆ, ಆಳದ ಕಡೆ ತಳದಲ್ಲೊಂದು ಬಿರಡೆ ಇರುತ್ತದೆ, ಅದನ್ನು ತೆಗೆಯಬೇಕು. ತೆಗೆದರೆ ಅಡಿಯ ನೀರು ಒಳಗೆ ಚಿಮ್ಮಿ ಒತ್ತಡ ಇಳಿಯುತ್ತದೆ.

"ಸಾರ್, ಗೋಡೆ ಮೇಲೆಲ್ಲ ಕಲೆ ಕೂತಿದೆ" ಎಂದ ಮೇಸ್ತ್ರಿ. "ಇದು ಬರೀ ಬ್ರಷ್ಷಿಗೆ ಹೋಗಲ್ಲ. ಪೂರ್ತಿ ಖಾಲಿ ಮಾಡಿ ಆಸಿಡ್ ಹಾಕಿ ತೊಳೀಬೇಕು. ನಿಮ್ಮಂಥವರ ಪೂಲ್ ಹೀಗಿದ್ರೆ ನೋಡೋಕೆ ಚೆನ್ನಾಗಿರಲ್ಲ."

ಕೊನೆಯ ಮಾತು ಕೋಚ್‌ಗೆ ಹಿತವಾಯಿತು. "ನಾನೇ ಹೇಳ್ಬೇಕು ಅಂತಿದ್ದೆ. ಕೊನೆಗೂ ಕಣ್ಣು ಬಿಟ್ಯಲ್ಲ. ಮಾಡು."

ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. "ಅಲ್ಲಪ್ಪಾ, ಇಷ್ಟೊಂದು ಮಳೆ ಬಂದಿದೆ, ನೆಲ ಎಲ್ಲ ಒದ್ದೆ. ಈಗ ಖಾಲಿ ಮಾಡಿದ್ರೆ ಏನೂ ತೊಂದ್ರೆ ಇಲ್ವಾ?"

ಕೇಳಬೇಕಾದ ಪ್ರಶ್ನೆಯನ್ನೇ ಆಕೆ ಕೇಳಿದ್ದರು. ಆಕೆಯ ಒಂದು ಕೈ ಬಾಗಿಲ ಚೌಕಟ್ಟು ಹಿಡಿದಿತ್ತು, ಇನ್ನೊಂದು ಸೊಂಟದ ಮೇಲಿತ್ತು.

"ಏನೂ ಆಗಲ್ಲಮ್ಮ" ಎಂದ.

"ನನ್ನ ಕಾಲಿಗೆ ಎಷ್ಟು ದಿನ ರಜಾ?"

"ಒಂದು ವಾರ ಅಷ್ಟೇ."

"ಹೋಗ್ಲಿ ಬಿಡು, ಒಂದು ವಾರ ತಾನೇ. ಆಮೇಲೆ ಹೊಸ ನೀರಲ್ಲಿ ಇಳೀತೀನಿ" ಎಂದು ಅಮ್ಮ ನಕ್ಕರು.

ಮರುದಿನ ಬೆಳಿಗ್ಗೆಯೇ ಅವನು ಮುಳುಗುವ ಪಂಪನ್ನು ಹಗ್ಗ ಕಟ್ಟಿ ಆಳಕ್ಕೆ ಬಿಟ್ಟು, ಪೈಪನ್ನು ಓಣಿಯಲ್ಲಿ ಹಾಯಿಸಿ ಬೀದಿಯ ಮೋರಿಗೆ ಇಟ್ಟ. ಪಂಪು ಗುರುಗುಟ್ಟತೊಡಗಿತು. ನೀರು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಯಿತು. ಮೊದಲು ಮೆಟ್ಟಿಲು ಬಯಲಾಯಿತು, ಆಮೇಲೆ ಅಮ್ಮ ನಡೆಯುತ್ತಿದ್ದ ಜಾಗ. ಕೋಚ್ ಮಧ್ಯಾಹ್ನದ ತನಕ ಕೂತು ನೋಡಿ, ಬೇಸರವಾಗಿ ಒಳಗೆ ಹೋಗಿ ಮಲಗಿದ. ಸಂಜೆಯ ಹೊತ್ತಿಗೆ ತಳದಲ್ಲಿ ಕೆಸರು, ಕೊಳೆತ ಎಲೆ, ಎಂದೋ ಬಿದ್ದ ಒಂದು ಚಮಚ, ಅಮ್ಮನ ತಲೆಯ ಕ್ಲಿಪ್ಪು ಮಾತ್ರ ಉಳಿದವು.

ಮೇಸ್ತ್ರಿ ಗಮ್‌ಬೂಟು ಹಾಕಿಕೊಂಡು ಏಣಿಯಿಂದ ಕೆಳಗಿಳಿದ. ನಾಲ್ಕೂ ಕಡೆ ತಲೆಗಿಂತ ಎತ್ತರದ ಗೋಡೆ. ಆಳದ ಕೊನೆಗೆ ಹೋಗಿ, ನೀರಿದ್ದಿದ್ದರೆ ತಾನು ಉಸಿರುಗಟ್ಟಿ ಸಾಯುತ್ತಿದ್ದ ಜಾಗದಲ್ಲಿ ನಿಂತ. ಬೂಟಿನ ತುದಿಯಿಂದ ಕೆಸರು ಸರಿಸಿದಾಗ ಬಿರಡೆ ಕಂಡಿತು. ಅದರ ಅಂಚಿನಿಂದ ಸಣ್ಣಗೆ ನೀರು ಜಿನುಗುತ್ತಿತ್ತು. ಅಡಿಯಿಂದ ಒತ್ತುತ್ತಿದೆ ಎಂದು ಹೇಳಲು ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಅದನ್ನು ತಿರುಗಿಸುವ ಪಾನಾ ಅವನ ಜೇಬಿನಲ್ಲೇ ಇತ್ತು. ತೆಗೆದು ಕೈಯಲ್ಲಿ ಹಿಡಿದುಕೊಂಡ ಕೂಡ.

ಒಳಗಿನಿಂದ ಅಮ್ಮನ ದನಿ ಕೇಳಿಸಿತು. ಕೋಚ್‌ಗೆ ಏನನ್ನೋ ತಂದುಕೊಡುತ್ತಿದ್ದರು. "ನಿಧಾನ ಅಂದ್ರೆ ನಿಧಾನ! ಬರೋಷ್ಟರಲ್ಲಿ ಆರಿ ತಣ್ಣಗಾಗಿರತ್ತೆ" ಎಂದು ಕೋಚ್ ಗದರಿದ್ದು ಕೇಳಿಸಿತು.

ಮೇಸ್ತ್ರಿ ಪಾನಾವನ್ನು ಜೇಬಿಗೆ ಹಾಕಿಕೊಂಡ. ಬಿರಡೆಯ ಮೇಲೆ ಕೆಸರೆಳೆದು ಬೂಟಿನಿಂದ ಒತ್ತಿ ಮುಚ್ಚಿದ. ಏಣಿ ಹತ್ತಿ ಬಂದು, ಪಂಪು ಎತ್ತಿ, ಪೈಪು ಸುತ್ತಿಕೊಂಡು, "ನಾಳೆ ಬಂದು ತೊಳೀತೀನಮ್ಮ" ಎಂದು ಹೇಳಿ ಹೋದ. ದಾರಿಯಲ್ಲಿ ಮಳೆ ಮತ್ತೆ ಶುರುವಾಯಿತು. ವೈಪರ್ ಹಾಕಿಕೊಂಡು ವ್ಯಾನ್ ಓಡಿಸುತ್ತಾ ಅವನು ಸಿಳ್ಳೆ ಹೊಡೆದ. ಮನೆಯಲ್ಲಿ ಎರಡು ಸಲ ಬಡಿಸಿಕೊಂಡು ಉಂಡ.

ಬೆಳಿಗ್ಗೆ ಅಮ್ಮನ ಫೋನ್ ಬಂತು. "ಬೇಗ ಬಾಪ್ಪಾ. ಏನೋ ಲಟಲಟ ಅಂತ ಶಬ್ದ ಬಂತು, ಮನೆ ಬಿತ್ತು ಅಂದ್ಕೊಂಡೆ. ಏನಾಗಿದೆಯೋ ನಂಗೆ ಹೇಳೋಕೂ ಬರ್ತಿಲ್ಲ."

ಹೋಗಿ ನೋಡಿದರೆ, ಆಳದ ಕಡೆಯಿಂದ ಕೊಳ ನೆಲಬಿಟ್ಟು ಎದ್ದಿತ್ತು. ಮೊಣಕಾಲೆತ್ತರಕ್ಕೆ ಎದ್ದಿತ್ತು. ದಂಡೆಯ ಕಲ್ಲುಗಳು ಹಲ್ಲು ಮುರಿದಂತೆ ಚೆಲ್ಲಾಪಿಲ್ಲಿಯಾಗಿದ್ದವು. ನಟ್ಟನಡುವೆ ತಳ ಬಿರಿದು ಕೆಂಪು ನೀರು ಒಸರುತ್ತಿತ್ತು. ಪೈಪುಗಳು ತುಂಡಾಗಿದ್ದವು, ಮೆಟ್ಟಿಲು ಎರಡು ಹೋಳಾಗಿತ್ತು, ಅವನೇ ಕೂರಿಸಿದ್ದ ಸ್ಟೀಲ್ ಸರಳು ಬುಡಸಹಿತ ಕಿತ್ತು ಓರೆಯಾಗಿ ನೇತಾಡುತ್ತಿತ್ತು. ಇದನ್ನು ಯಾರೂ ರಿಪೇರಿ ಮಾಡಲಾರರು.

ಮೇಸ್ತ್ರಿ ಕೋಚ್‌ನ ಮುಖವನ್ನು ನೋಡಿದ. ಅದನ್ನು ನೋಡಲೆಂದೇ ಅವನು ಬೇಗ ಬಂದಿದ್ದ. ಆ ಮುಖ ಕುಸಿಯಬೇಕು, ತುಟಿ ನಡುಗಬೇಕು, ಮಾತು ಹೊರಡಬಾರದು. ಕೋಚ್ ಬನಿಯನ್ನಿನಲ್ಲಿ ನಿಂತು ಕೊಳವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ತೃಪ್ತಿ ಆಯ್ತಾ?" ಎಂದ. "ಕಾಲು ಕಾಲು ಅಂತ ಬಡ್ಕೋತಿದ್ದೆಯಲ್ಲ. ಇವನನ್ನ ಕರೆಸ್ದವಳು ನೀನು. ನಿನ್ನಿಂದ ಮನೇಲಿ ಯಾವುದು ಉದ್ಧಾರ ಆಗಿದೆ ಹೇಳು, ಇದು ಆಗೋಕೆ?"

ಅಮ್ಮ ಮುರಿದ ಮೆಟ್ಟಿಲನ್ನೇ ನೋಡುತ್ತಾ ನಿಂತಿದ್ದರು.

"ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು" ಎಂದು ಕೋಚ್ ಮುಂದುವರಿಸಿದ. ಅವನ ದನಿ ಆಗಲೇ ಮಾಮೂಲಿಗೆ ಬಂದಿತ್ತು. "ನಂಗೂ ಇದು ಸಾಕಾಗಿತ್ತು. ಮುಚ್ಚಿಸಿ ಕಾಂಕ್ರೀಟ್ ಹಾಕಿಸ್ತೀನಿ, ಕಾರು ನಿಲ್ಲಿಸೋಕೆ ಜಾಗ ಆಗತ್ತೆ. ಬೀದೀಲಿ ಬಿಸಿಲಿಗೆ ಬಣ್ಣ ಹೋಗ್ತಿದೆ. ಲೋ, ಮಣ್ಣು ಹೊಡೆಸೋ ಕೆಲಸ ನೀನೇ ಮಾಡು. ಹಾಳು ಮಾಡಿದವನು ನೀನೇ ತಾನೇ."

ಮೇಸ್ತ್ರಿ ಅಷ್ಟು ದಿನ ಒಳಗೆ ಕಟ್ಟಿಟ್ಟದ್ದು ಬಾಯಿಗೆ ಬಂತು.

"ಸಾರ್, ಆ ಕಪ್ಪೆ ನಾನೇ."

"ಯಾವ ಕಪ್ಪೆ?"

"ನೀವು ಹಲಗೆ ಮೇಲೆ ನಿಲ್ಲಿಸಿದ್ರಲ್ಲ. ಅವರಪ್ಪ ನಕ್ಕ ಅಂದ್ರಲ್ಲ. ಅದು ನನ್ನಪ್ಪ. ಟಿಕೆಟ್ ಕೊಡ್ತಿದ್ದ."

ಕೋಚ್ ಹತ್ತಿರ ಬಂದು ಅವನ ಮುಖವನ್ನು ದಿಟ್ಟಿಸಿದ. ತರಕಾರಿ ಆರಿಸುವವನ ಹಾಗೆ ತಲೆ ಅತ್ತಿತ್ತ ವಾಲಿಸಿ ನೋಡಿದ. ಆಮೇಲೆ ತಲೆಯಾಡಿಸಿದ.

"ಅಲ್ಲ. ನೀನಲ್ಲ ಅವನು. ಅವನು ಆಮೇಲೆ ಮೆಡಲ್ ಹೊಡೆದ. ನಿಂಗೆ ಈಜು ಬರತ್ತಾ?"

ಮೇಸ್ತ್ರಿ ಓರೆಯಾಗಿ ನೇತಾಡುತ್ತಿದ್ದ ಸರಳಿನ ಕಡೆ ನೋಡಿದ.

"ಬರಲ್ಲ! ನೋಡಿದ ತಕ್ಷಣ ಗೊತ್ತಾಗತ್ತೆ, ಭುಜ ನೋಡು. ಎಲ್ಲೋ ಕೇಳಿದ ಕಥೇನ ತನ್ನದು ಅಂತಾನೆ."

"ನಾನು ಬೇಕಂತಾನೇ ಮಾಡಿದ್ದು ಸಾರ್" ಎಂದ ಮೇಸ್ತ್ರಿ. "ತಳದಲ್ಲಿ ಬಿರಡೆ ಇದೆ. ತೆಗೀಬೇಕಿತ್ತು. ಗೊತ್ತಿದ್ದೂ ತೆಗೀಲಿಲ್ಲ. ಇದು ಒಡೀಲಿ ಅಂತಾನೇ ಬಿಟ್ಟೆ."

ಕೋಚ್ ನಕ್ಕ. ಮನಸಾರೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಕೇಳಿದ್ಯೇನೇ? ಕೆಲಸ ಬರಲ್ಲ ಅಂತ ಒಪ್ಕೊಳ್ಳೋಕೆ ನಾಚಿಕೆ, ಅದಕ್ಕೆ ಬೇಕಂತಾನೇ ಮಾಡಿದ್ನಂತೆ. ಬೇಕಂತ ಮಾಡೋಕೆ ಗಂಡೆದೆ ಬೇಕು ಕಣೋ. ಹೋಗು, ಮಣ್ಣಿನ ಲಾರಿಗೆ ಹೇಳು."

"ಸರಿ ಸಾರ್" ಎಂದ ಮೇಸ್ತ್ರಿ. ಆ ಎರಡು ಪದ ಬಾಯಿಂದ ಹೊರಟಾಗ ಅವನಿಗೇ ನಂಬಲಾಗಲಿಲ್ಲ. ಆದರೆ ಅವು ಹೊರಟಾಗಿತ್ತು, ಮತ್ತು ಅವನು ಲಾರಿಗೆ ಹೇಳಲು ಹೋದ.

ಮಣ್ಣು ಹೊಡೆಯುವ ಕೆಲಸ ಕೆಲವು ದಿನ ನಡೆಯಿತು. ಎದ್ದ ಗೋಡೆಗಳನ್ನು ಸುತ್ತಿಗೆಯಿಂದ ಒಡೆದು ಒಳಕ್ಕೆ ಕೆಡವಬೇಕಿತ್ತು, ಓಣಿಯಲ್ಲಿ ಲಾರಿ ಹಿಡಿಯದಿದ್ದರಿಂದ ಮಣ್ಣನ್ನು ಕೈಗಾಡಿಯಲ್ಲಿ ತರಬೇಕಿತ್ತು. ಮೇಸ್ತ್ರಿ ಕೂಲಿಯವರ ಜೊತೆ ತಾನೂ ಗಾಡಿ ತಳ್ಳಿದ. ಒಂದು ಮಧ್ಯಾಹ್ನ ಕೂಲಿಯವರು ಊಟಕ್ಕೆ ಹೋಗಿದ್ದಾಗ ಅಮ್ಮ ನಾಲ್ಕು ಕಾಲಿನ ಊರುಗೋಲು ಹಿಡಿದುಕೊಂಡು ಹಿತ್ತಲಿಗೆ ಬಂದರು. ಬಾಗಿಲಿನಿಂದ ಅಲ್ಲಿಗೆ ಬರುವಷ್ಟರಲ್ಲಿ ಮುಖವೆಲ್ಲ ಬೆವರಿತ್ತು. ಮೇಸ್ತ್ರಿ ಕೈ ಚಾಚಿದ. ಅವರು ಹಿಡಿಯಲಿಲ್ಲ.

"ನಾನು ದಿನಾ ಇಳಿಯೋದು ನಿಂಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತಮ್ಮ."

"ನಾನು ಕೇಳ್ದೆ, ಮಳೆ ಬಂದಿದೆ, ತೊಂದ್ರೆ ಇಲ್ವಾ ಅಂತ."

"ಕೇಳಿದ್ರಿ."

"ಅವರಿಗೆ ನೋವಾಗತ್ತೆ ಅಂದ್ಕೊಂಡ್ಯಾ?"

ಮೇಸ್ತ್ರಿ ತಲೆ ತಗ್ಗಿಸಿದ.

"ನನ್ನನ್ನ ಕೇಳಿದ್ರೆ ಹೇಳ್ತಿದ್ದೆ" ಎಂದರು ಅಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಬಹಳ ದಣಿವಿತ್ತು. "ಅವರಿಗೆ ಯಾವುದರಿಂದ ನೋವಾಗತ್ತೆ ಅಂತ ನಾನೂ ಹುಡುಕ್ತಾನೇ ಇದೀನಿ, ಮದುವೆ ಆದಾಗಿಂದ. ಏನೂ ಇಲ್ಲ ಕಣಪ್ಪಾ. ಏನು ಎಸೆದ್ರೂ ಅದು ನಮ್ಮ ಮೇಲೇ ಬೀಳತ್ತೆ."

"ಅಮ್ಮ, ನಾನು..."

"ಆ ಹುಡುಗ ನೀನೇ ಅಂತ ನಾನು ನಂಬ್ತೀನಿ. ಅವತ್ತು ಅವರು ಹೇಳೋವಾಗ ನಿನ್ನ ಮುಖ ನೋಡಿದ್ದೆ. ಆಗ ಅಯ್ಯೋ ಅನ್ನಿಸಿತ್ತು." ಅವರು ಮಣ್ಣು ತುಂಬಿದ ಗುಂಡಿಯ ಕಡೆ ತಿರುಗಿದರು. "ಈಗ ಅನ್ನಿಸ್ತಿಲ್ಲ. ಇನ್ನೂ ಸ್ವಲ್ಪ ಹೊತ್ತು ನಿನ್ನನ್ನ ಆ ಹಲಗೆ ಮೇಲೇ ನಿಲ್ಲಿಸಬೇಕಿತ್ತು ಅನ್ನಿಸ್ತಿದೆ."

ಹೇಳಿ, ಊರುಗೋಲು ತಿರುಗಿಸಿಕೊಂಡು ವಾಪಸು ಹೊರಟರು. ಬಾಗಿಲು ಮುಟ್ಟಲು ಬಹಳ ಹೊತ್ತು ಹಿಡಿಯಿತು. ಅವನು ಅಷ್ಟೂ ಹೊತ್ತು ಆ ಬೆನ್ನನ್ನು ನೋಡುತ್ತಾ ನಿಂತಿದ್ದ. ಹಲಗೆಯ ಮೇಲೆ ನಿಂತಾಗಲೂ ಯಾರೂ ಅವನಿಗೆ ಅಷ್ಟು ಸಾವಧಾನವಾಗಿ ಹೊಡೆದಿರಲಿಲ್ಲ.

ನೆಲ ಸಮ ಮಾಡಿದ ದಿನ ಕೋಚ್ ಬಂದು ಮಣ್ಣಿನ ಮೇಲೆ ಓಡಾಡಿದ. ಹಿಮ್ಮಡಿಯಿಂದ ಅಲ್ಲಲ್ಲಿ ಕುಟ್ಟಿ ನೋಡಿದ. "ಪರವಾಗಿಲ್ಲ ಕಣಯ್ಯಾ, ಇದೊಂದು ಕೆಲಸ ನೆಟ್ಟಗೆ ಮಾಡಿದೀಯ" ಎಂದು ಬೆನ್ನು ತಟ್ಟಿದ. ಮೇಸ್ತ್ರಿಯ ಬೆನ್ನು ಆ ಕೈಯ ಕೆಳಗೆ ತಾನಾಗಿ ನೆಟ್ಟಗಾಯಿತು. ಎದೆಯಲ್ಲಿ ಬೆಚ್ಚಗೆ ಏನೋ ಹರಿದಾಡಿತು. ಅದು ಸಂತೋಷ ಎಂದು ಗೊತ್ತಾದಾಗ ಅವನು ವ್ಯಾನಿನ ಹಿಂದೆ ಹೋಗಿ ಕೂತುಬಿಟ್ಟ. ಬಹಳ ಹೊತ್ತು ಏಳಲಿಲ್ಲ.

ಮರುವರ್ಷ ಅದೇ ಬೀದಿಯ ಇನ್ನೊಂದು ಮನೆಯಲ್ಲಿ ಅವನಿಗೆ ಕೆಲಸ ಸಿಕ್ಕಿತು. ಆ ಮನೆಯಾಕೆ ಮಾತಿನ ಮಧ್ಯೆ ಹೇಳಿದಳು: ಕೋಚ್ ಅವರ ಹೆಂಡತಿ ಹಾಸಿಗೆ ಹಿಡಿದಿದ್ದಾರೆ, ಸೊಂಟ ಪೂರಾ ಕಟ್ಟಿಹೋಗಿದೆ, ನೋಡಿಕೊಳ್ಳಲು ಬಂದ ಹೆಂಗಸರು ಯಾರೂ ಕೋಚ್‌ನ ಬಾಯಿಗೆ ಹೆದರಿ ನಿಲ್ಲುತ್ತಿಲ್ಲ. ಮೇಸ್ತ್ರಿ ಜಾಲರಿ ಎಳೆಯುತ್ತಾ ಹೂಂಗುಟ್ಟಿದ. ಕೆಲಸ ಮುಗಿಸಿ ಹೊರಟವನು ಹಾಗೇ ಹೋಗಬಹುದಿತ್ತು. ಹೋಗದೆ ಆ ಗೇಟಿನ ಮುಂದೆ ವ್ಯಾನ್ ನಿಲ್ಲಿಸಿದ. ಏನು ಹೇಳಬೇಕೆಂದು ಅವನಿಗೇ ಗೊತ್ತಿರಲಿಲ್ಲ. ಬೆಲ್ ಒತ್ತಿದ.

ಕೋಚ್ ಬಂದು ಗೇಟನ್ನು ಅರ್ಧ ತೆರೆದ. ಅವನ ಹಿಂದೆ, ಓಣಿಯ ಆಚೆ, ಕಾಂಕ್ರೀಟಿನ ಮೇಲೆ ಕಾರು ಹೊಳೆಯುತ್ತಾ ನಿಂತಿತ್ತು.

"ಯಾರು?"

ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. "ಪೂಲ್ ಕೆಲಸದವನು ಸಾರ್."

"ಇಲ್ಲಿ ಪೂಲ್ ಗೀಲ್ ಏನೂ ಇಲ್ಲ. ಮನೆ ತಪ್ಪಿದೀಯ" ಎಂದು ಕೋಚ್ ಗೇಟು ಮುಚ್ಚಿ ಚಿಲಕ ಹಾಕಿಕೊಂಡು ಹೋದ.

ಬೀದಿಯ ಕಡೆಯ ಕಿಟಕಿ ತೆರೆದಿತ್ತು. ಒಳಗಿನ ಹಾಸಿಗೆಯಿಂದ ಯಾರನ್ನೋ ಕರೆಯುವ ಒಂದು ಸಣ್ಣ ಕೈಗಂಟೆಯ ಸದ್ದು ಕೇಳಿಸಿತು. ಸ್ವಲ್ಪ ನಿಂತು ಮತ್ತೆ ಕೇಳಿಸಿತು. ಯಾರೂ ಹೋದ ಹಾಗೆ ಕಾಣಲಿಲ್ಲ. ಟಿವಿಯ ಸದ್ದು ಮಾತ್ರ ಇನ್ನಷ್ಟು ಜೋರಾಯಿತು. ಮೇಸ್ತ್ರಿ ಫುಟ್‌ಪಾತಿನ ಮೇಲೆ ನಿಂತೇ ಇದ್ದ. ಗಂಟೆ ಇನ್ನೆರಡು ಸಲ ಅಲುಗಾಡಿ ಸುಮ್ಮನಾಯಿತು. ಆಮೇಲೆ ಅವನು ವ್ಯಾನ್ ಹತ್ತಿದ. ಮುಂದಿನ ಮನೆಯವರು ಕಾಯುತ್ತಿದ್ದರು.